ತೂಬು ಪೂರ್ತಿ ಎತ್ತಿದ ನನ್ನ ಮಹಾಧಮನಿ

ನಾನು ಓದಿದ್ದು ಮೆಕ್ಯಾನಿಕಲ್. ಬಳ್ಳಾರಿಯ ಬಾಡಿಗೆ ರೂಮಿನಲ್ಲಿ ಕೂತು, ಕಿರಿದಾದ ಮಹಾಧಮನಿಯಲ್ಲಿ (ಹೃದಯದಿಂದ ಹೊರಡುವ ದೊಡ್ಡ ರಕ್ತನಾಳ) ರಕ್ತ ಹೇಗೆ ಹರಿಯುತ್ತದೆ ಎಂದು ಕಂಪ್ಯೂಟರಿನಲ್ಲಿ ಲೆಕ್ಕ ಹಾಕಲು ಹೊರಟಾಗ, ಇದೂ ಒಂದು ಪೈಪೇ ಅಲ್ವಾ ಅಂದುಕೊಂಡಿದ್ದೆ.

ಕೆಲವರಿಗೆ ಹುಟ್ಟಿನಿಂದಲೇ ಮಹಾಧಮನಿ ಒಂದು ಕಡೆ ದಾರ ಬಿಗಿದ ಹಾಗೆ ಕಿರಿದಾಗಿರುತ್ತದೆ. ಸಾಮಾನ್ಯವಾಗಿ ಎಡಗೈಯ ಕವಲು ದಾಟಿದ ಮೇಲೆ. ಹಾಗಾಗಿ ಕೈಯಲ್ಲಿ ಬಿಪಿ ಜಾಸ್ತಿ, ಕಾಲಲ್ಲಿ ಕಡಿಮೆ. ಈ ವ್ಯತ್ಯಾಸ 20 ಎಂಎಂ (ಬಿಪಿ ಅಳೆಯುವ ಪಾದರಸದ ಮಿಲಿಮೀಟರ್) ದಾಟಿದರೆ ಡಾಕ್ಟರುಗಳು ಗಂಭೀರವಾಗಿ ನೋಡುತ್ತಾರೆ. ಸ್ಕ್ಯಾನ್‌ನಿಂದ ತೆಗೆದ ಆಕಾರ ವ್ಯಾಸ್ಕ್ಯುಲರ್ ಮಾಡೆಲ್ ರೆಪಾಸಿಟರಿ ಎಂಬ ಆನ್‌ಲೈನ್ ಸಂಗ್ರಹದಲ್ಲಿ ಸಿಕ್ಕಿತು. ಲೆಕ್ಕಕ್ಕೆ ಓಪನ್‌ಫೋಮ್ ಎಂಬ ಸಾಫ್ಟ್‌ವೇರ್, ಪುಕ್ಕಟೆ. ಮಿಲಿಮೀಟರನ್ನು ಅದು ಮೀಟರ್ ಅಂದುಕೊಂಡು, ಮೊದಲ ದಿನ ನನ್ನ ಧಮನಿ 20 ಮೀಟರ್ ಅಗಲವಾಗಿತ್ತು!

ಅದು ಸುಲಭದ ತಪ್ಪು. ನಿಜವಾದ ತಪ್ಪು ಬೇರೆ. ರಕ್ತ ಹೊರಹೋಗುವ ಎಲ್ಲ ಬಾಯಿಗಳಲ್ಲೂ ಒತ್ತಡ ಸೊನ್ನೆ ಎಂದು ಕೊಟ್ಟಿದ್ದೆ. ಚಿತ್ರವೇನೋ ಚೆನ್ನಾಗಿ ಬಂತು. ಆದರೆ ಒತ್ತಡದ ವ್ಯತ್ಯಾಸ ಬರೀ 5 ಎಂಎಂ. ಮೆಶ್ (ಲೆಕ್ಕಕ್ಕಾಗಿ ಆಕಾರವನ್ನು ತುಂಡು ಮಾಡುವ ಬಲೆ) ಸಣ್ಣದು ಮಾಡಿದೆ, ಮತ್ತೂ ಸಣ್ಣದು ಮಾಡಿದೆ. ಏನೂ ಬದಲಾಗಲಿಲ್ಲ.

ನಮ್ಮೂರು ಮಾನ್ವಿ ಕಡೆ, ತುಂಗಭದ್ರಾ ಎಡದಂಡೆ ಕಾಲುವೆಯ ಕೊನೆ ಭಾಗ. ಒಂದು ಸಂಜೆ ಅಪ್ಪ ಫೋನಿನಲ್ಲಿ, "ಮ್ಯಾಲಿನವರು ತೂಬು ಎತ್ತ್ಯಾರ, ನಮಗ ನೀರಿಲ್ಲ" ಎಂದು ಬೈಯುತ್ತಿದ್ದರು. ಆಗ ಹೊಳೆಯಿತು. ಕತ್ತು, ಕೈಗಳಿಗೆ ಹೋಗುವ ಕವಲುಗಳೇ ಮೇಲಿನ ತೂಬುಗಳು. ಒತ್ತಡ ಸೊನ್ನೆ ಎಂದು ಕೊಟ್ಟು ಎಲ್ಲವನ್ನೂ ಪೂರ್ತಿ ಎತ್ತಿಟ್ಟವನು ನಾನೇ. ಕಿರಿದಾದ ಜಾಗದ ಮೂಲಕ ಕೆಳಗೆ ಹೋಗಬೇಕಾದ ರಕ್ತವೆಲ್ಲ ಮೇಲೆಯೇ ಸೋರಿಹೋಗುತ್ತಿತ್ತು. ಆರೋಗ್ಯವಂತರಲ್ಲಿ ಸುಮಾರು ಮೂರರಲ್ಲಿ ಎರಡು ಪಾಲು ಕೆಳಗೆ ಹೋಗುತ್ತದೆ.

ಪರಿಹಾರ ಹಳೆಯದೇ, ರಕ್ತನಾಳಗಳ ತಡೆ ಮತ್ತು ಹಿಗ್ಗನ್ನು ಲೆಕ್ಕಕ್ಕೆ ತರುವ ಮಾದರಿ, ವಿಂಡ್‌ಕೆಸಲ್. 1899ರಲ್ಲಿ ಜರ್ಮನಿಯ ಶರೀರಕ್ರಿಯಾ ವಿಜ್ಞಾನಿ ಒಟ್ಟೋ ಫ್ರಾಂಕ್ ಇದಕ್ಕೆ ಗಣಿತದ ರೂಪ ಕೊಟ್ಟರು. ಮುಂದಿನ ಸಣ್ಣ ನಾಳಗಳ ತಡೆ ಎಷ್ಟು, ಹಿಗ್ಗು ಎಷ್ಟು ಎಂದು ಪ್ರತಿ ಬಾಯಿಗೂ ಹೇಳಬೇಕು. ಕೋಡ್ ಬರೆಯಲು ಎರಡು ವಾರ ಹಿಡಿಯಿತು. ಮೊದಲ ಹೃದಯಬಡಿತಗಳು ಇನ್ನೂ ಹದಕ್ಕೆ ಬಂದಿರುವುದಿಲ್ಲ, ಲೆಕ್ಕಕ್ಕಿಲ್ಲ. ಐದು ಓಡಿಸಿ ಕೊನೆಯದನ್ನು ಮಾತ್ರ ಇಟ್ಟುಕೊಂಡೆ. ಏಪ್ರಿಲ್‌ನ ಕರೆಂಟು ನಂಬಿಕೊಂಡು ರಾತ್ರಿಯಿಡೀ ಓಡಿಸಬೇಡಿ, ನಡುನಡುವೆ ಸೇವ್ ಮಾಡಿ.

ಈ ಸಲ ಕಿರಿದಾದ ಕಡೆ ವೇಗ ಸೆಕೆಂಡಿಗೆ 2.5 ಮೀಟರ್. ಎಕೋದವರ (ಹೃದಯದ ಸ್ಕ್ಯಾನ್ ಮಾಡುವವರ) ಸೂತ್ರದಂತೆ ವೇಗದ ವರ್ಗವನ್ನು 4ರಿಂದ ಗುಣಿಸಿದರೆ ಒತ್ತಡದ ವ್ಯತ್ಯಾಸ 25 ಎಂಎಂ. ಆ 4 ಸುಮ್ನೆ ಬಂದದ್ದಲ್ಲ, ರಕ್ತದ ಸಾಂದ್ರತೆ 1060ರ ಅರ್ಧವನ್ನು 133ರಿಂದ (ಒಂದು ಎಂಎಂ ಪಾದರಸಕ್ಕೆ ಇಷ್ಟು ಪ್ಯಾಸ್ಕಲ್) ಭಾಗಿಸಿ ನೋಡಿ. ಇನ್ನೂ ಕೆಳಗೆ ಹೋಗಿ ಅಳೆದರೆ ನನಗೆ ಸಿಕ್ಕಿದ್ದು 21. ವೇಗ ತಗ್ಗಿದಂತೆ ಒತ್ತಡ ಸ್ವಲ್ಪ ವಾಪಸ್ ಬರುತ್ತದೆ.

ಗೋಡೆ ಮಾತ್ರ ಇನ್ನೂ ಕಲ್ಲಿನಂತೆ ಗಟ್ಟಿ. ಅದನ್ನು ಹಿಗ್ಗಿಸುವ ಲೆಕ್ಕ ನನ್ನ ಲ್ಯಾಪ್‌ಟಾಪಿಗೆ ಆಗದ ಕೆಲಸ.