ಒಂದು ಕೊರೆತಕ್ಕೆ ಎರಡು ನಾಚ್: ಹೋಲ್ ಸಾ ಹಿಡಿದು ಕೊಟ್ಟಿಗೆಯ ಪೈಪ್ ಕತ್ತರಿಸಿದ ನನ್ನ ಅನುಭವ

ಕಳೆದ ವರ್ಷ ಹಾಸನದ ಕಡೆಯ ಒಂದು ದೊಡ್ಡ ಹಸುವಿನ ಕೊಟ್ಟಿಗೆಗೆ ಅಡ್ಡಕಂಬಿಗಳನ್ನು ಮಾಡಿಕೊಡುವ ಕೆಲಸವನ್ನು ಒಪ್ಪಿಕೊಂಡೆ. ಕಂಬಕ್ಕೂ ಅಡ್ಡಕ್ಕೂ ಒಂದೂವರೆ ಇಂಚಿನ ಜಿಐ (ಸತು ಲೇಪಿಸಿದ) ಪೈಪ್, ನೀಲಿ ಪಟ್ಟಿಯ ಬಿ ಕ್ಲಾಸ್ (ಮಧ್ಯಮ ದಪ್ಪದ್ದು). ಅಂದರೆ ಹೊರ ಅಳತೆ 48.3 ಮಿ.ಮೀ., ಗೋಡೆಯ ದಪ್ಪ 3.2. ಅಡ್ಡಕಂಬಿಗಳು ನೂರು, ಎರಡೂ ತುದಿ ಸೇರಿ ಇನ್ನೂರು ನಾಚ್, ಅಂದರೆ ಕಂಬದ ದುಂಡು ಮೈಗೆ ಕೂರುವಂತೆ ತುದಿಯಲ್ಲಿ ಕತ್ತರಿಸುವ ಬಾಗಿದ ಕಚ್ಚು. ಗ್ರೈಂಡರಿನಲ್ಲಿ ಉಜ್ಜಿ ಕೂರಿಸಿದರೆ ಒಂದಕ್ಕೆ ಹತ್ತು–ಹನ್ನೆರಡು ನಿಮಿಷ ಹಿಡಿಯುತ್ತದೆ, ಮೇಲೆ ಸಂದು ಬಿಟ್ಟಲ್ಲೆಲ್ಲ ರಾಡು ಸುರಿಯಬೇಕು. ಆದ್ದರಿಂದ ಹೋಲ್ ಸಾ (ಡ್ರಿಲ್ಲಿಗೆ ಹಾಕಿ ದೊಡ್ಡ ದುಂಡು ರಂಧ್ರ ಕೊರೆಯುವ, ಅಂಚಿನಲ್ಲಿ ಹಲ್ಲಿರುವ ಬಟ್ಟಲಿನಾಕಾರದ ಗರಗಸ) ಬಳಸುತ್ತೇನೆಂದು ಹೇಳಿದಾಗ, ನಮ್ಮಲ್ಲಿ ಇಪ್ಪತ್ತು ವರ್ಷದಿಂದ ವೆಲ್ಡಿಂಗ್ ಮಾಡುತ್ತಿರುವ ಮೇಸ್ತ್ರಿಗಳು, "ಅದು ಬಾಗಿಲಿಗೆ ಬೀಗ ಕೂರಿಸೋ ಸಾಮಾನು, ಪೈಪಿಗೆ ಹಾಕಿದ್ರೆ ಹಲ್ಲು ಉದುರಿಸಿಕೊಳ್ತೀರಿ" ಎಂದರು.

ಮೊದಲ ವಾರ ಅವರ ಮಾತೇ ನಿಜವಾಯಿತು. ಅಗ್ಗದ ಸೆಟ್ಟಿನ ಹೋಲ್ ಸಾ ಎರಡು ನಾಚ್ ಮುಗಿಯುವ ಮೊದಲೇ ಬೋಳಾಯಿತು. ಬಳಿಕ ಆರುನೂರೈವತ್ತು ರೂಪಾಯಿಯ ಆಸುಪಾಸಿನ ಬೈಮೆಟಲ್ (ಮೈ ಒಂದು ಉಕ್ಕು, ಹಲ್ಲು ಇನ್ನೂ ಗಡಸು ಉಕ್ಕು) ಹೋಲ್ ಸಾ ತಂದೆ. ಅದರಲ್ಲೂ ಮೂರು ಹಾಳಾದವು. ಒಂದು ಟಿಸಿಟಿ (ಟಂಗ್‌ಸ್ಟನ್ ಕಾರ್ಬೈಡ್ ಹಲ್ಲಿನದು) ತಂದೆ, ಅದರ ಹಲ್ಲುಗಳು ಪೈಪಿನ ಬಾಗಿದ ಮೈಗೆ ತಾಗಿ ತಾಗಿ ಚಕ್ಕೆಯೆದ್ದವು. ಎಲ್ಲ ಸೇರಿ ಮೂರೂವರೆ ಸಾವಿರದಷ್ಟು ನೀರಿನಲ್ಲಿ ಹೋಮವಾದ ಮೇಲೆ ನನಗೆ ತಪ್ಪು ಕಂಡಿತು. ಎಲ್ಲರಂತೆ ನಾನೂ ಪೈಪನ್ನು ಮೊದಲು ಅಳತೆಗೆ ತುಂಡರಿಸಿ, ಆಮೇಲೆ ತುದಿಯಲ್ಲಿ ನಾಚ್ ಹೊಡೆಯುತ್ತಿದ್ದೆ. ತುದಿಯಲ್ಲಿ ಪೈಲಟ್ ಡ್ರಿಲ್ಲಿಗೆ, ಅಂದರೆ ಹೋಲ್ ಸಾದ ನಡುವೆ ನಿಂತು ಅದನ್ನು ನೇರ ಹಿಡಿಯುವ ಸಣ್ಣ ಡ್ರಿಲ್ಲಿಗೆ, ಹಿಡಿತವೇ ಇರುವುದಿಲ್ಲ. ಹೋಲ್ ಸಾದ ಅರ್ಧ ಭಾಗ ಲೋಹದಲ್ಲಿ, ಇನ್ನರ್ಧ ಗಾಳಿಯಲ್ಲಿ ತಿರುಗುತ್ತಾ ಎಳೆದಾಡುತ್ತದೆ.

ಆಗ ಕ್ರಮವನ್ನೇ ತಿರುಗಿಸಿದೆ. ಆರು ಮೀಟರಿನ ಇಡೀ ಪೈಪನ್ನು ತುಂಡರಿಸದೆ ಇಟ್ಟು, ಅದರ ನಡುಮೈಯಲ್ಲೇ ಹೋಲ್ ಸಾವನ್ನು ಆರಪಾರ ಇಳಿಸಿದೆ. ಪೈಪಿನಷ್ಟೇ ಅಗಲದ 48 ಮಿ.ಮೀ. ಹೋಲ್ ಸಾ ಹೊರಬಂದಾಗ ಪೈಪ್ ಎರಡಾಗಿ ಬಿಡುತ್ತದೆ, ಎರಡೂ ತುದಿಗಳಲ್ಲಿ ನಾಚ್ ಸಿದ್ಧವಾಗಿರುತ್ತದೆ. ಅದಕ್ಕಿಂತ ಸಂತೋಷದ ಸಂಗತಿಯೆಂದರೆ ಅಳತೆಯ ಲೆಕ್ಕ: ಕಂಬದ ಸೆಂಟರಿನಿಂದ ಕಂಬದ ಸೆಂಟರಿಗೆ ಎಷ್ಟು ಅಂತರವೋ, ಪೈಲಟ್ ರಂಧ್ರಗಳ ನಡುವೆಯೂ ಅಷ್ಟೇ ಅಂತರ. ಅರ್ಧ ವ್ಯಾಸ ಕಳೆಯುವ, ಕೂಡುವ ಗೋಜೇ ಇಲ್ಲ. ನನ್ನ ಅಂತರ 1.15 ಮೀಟರ್ ಇತ್ತು; ಒಂದು ಪೈಪಿಗೆ ಆರು ಕೊರೆತ, ಐದು ಅಡ್ಡಕಂಬಿ, ಹತ್ತು ನಾಚ್, ಎರಡು ಕಡೆ ಒಂದೊಂದು ಗೇಣಿಗೂ ಕಡಿಮೆ ಉದ್ದದ ತುಂಡು ಗುಜರಿಗೆ.

ಎರಡು ತುದಿಯ ನಾಚ್‌ಗಳು ಒಂದೇ ನೇರದಲ್ಲಿರಬೇಕಾದರೆ ಎಲ್ಲ ರಂಧ್ರಗಳೂ ಒಂದೇ ಗೆರೆಯಲ್ಲಿರಬೇಕು. ಪೈಪಿನ ಮೇಲೆ ಎಲ್ ಆಂಗಲ್ ಒಂದನ್ನು ಕವುಚಿ ಹಾಕಿ ಅದರ ಅಂಚಿಗೆ ಗೆರೆ ಎಳೆದರೆ ಸಾಕು. ಬಳಿಕ ವಿ ಬ್ಲಾಕಿನಲ್ಲಿ (ಪೈಪ್ ಉರುಳದಂತೆ ಹಿಡಿಯುವ ವಿ ಆಕಾರದ ತೋಡಿನ ಕಬ್ಬಿಣದ ದಿಮ್ಮಿ) ಕೂರಿಸಿ, ಪಂಚ್ ಹೊಡೆದು, ಪೈಲಟ್ ರಂಧ್ರಗಳನ್ನು ಮಾತ್ರ ಮೊದಲು ಎರಡೂ ಗೋಡೆ ದಾಟುವಂತೆ ಕೊರೆದುಕೊಳ್ಳುತ್ತೇನೆ. ಇದನ್ನು ಬಿಡುವಂತಿಲ್ಲ, ಏಕೆಂದರೆ ಸಾಮಾನ್ಯ ಹೋಲ್ ಸಾದ ಬಟ್ಟಲಿನ ಆಳ ನಲವತ್ತು ಮಿ.ಮೀ. ಒಳಗೇ ಮುಗಿಯುತ್ತದೆ, ಪೈಪ್ ನಲವತ್ತೆಂಟು. ಮೇಲಿನಿಂದ ಅರ್ಧ ಇಳಿಸಿ, ಪೈಪನ್ನು ಮಗುಚಿ, ಕೆಳಗಿನ ರಂಧ್ರದಿಂದ ಉಳಿದರ್ಧ ಕೊರೆಯಬೇಕು. ರಂಧ್ರ ಓರೆಯಾಗಿದ್ದರೆ ನಡುವೆ ಮೆಟ್ಟಿಲು ಬೀಳುತ್ತದೆ.

ಆ ನಡುಭಾಗವೇ ಕಷ್ಟದ ಜಾಗ. ಮೇಲ್ಭಾಗದಲ್ಲಿ ಹಲ್ಲುಗಳು ಪೈಪಿನ ಗೋಡೆಯನ್ನು ಅಡ್ಡ ದಾಟಿ ಹೋಗುತ್ತವೆ. ನಡುವಿಗೆ ಬರುತ್ತಲೇ ಗೋಡೆಯ ಉದ್ದಕ್ಕೂ ಓಡತೊಡಗುತ್ತವೆ. ಕಿವಿಗೆ ಅದು ಮೊದಲೇ ಗೊತ್ತಾಗುತ್ತದೆ: ಕಟಕಟ ಸದ್ದು ನಿಂತು ಒಂದೇ ಸಮನೆ ಗೊರಗೊರ ಅನ್ನುತ್ತದೆ, ಹಿಡಿಕೆ ಕೈಗೆ ಭಾರವಾಗುತ್ತದೆ. ಅಲ್ಲಿ ಒತ್ತಡವನ್ನು ಅರ್ಧಕ್ಕೆ ಇಳಿಸಿ, ಹೋಲ್ ಸಾವನ್ನು ಒಮ್ಮೆ ಮೇಲೆತ್ತಿ ಚೂರನ್ನು ಬ್ರಷ್‌ನಿಂದ ಕೆಡವಿ, ಎಣ್ಣೆ ಬಿಟ್ಟು ಮತ್ತೆ ಇಳಿಸುತ್ತೇನೆ. ನನ್ನ ಮೂರೂ ಬೈಮೆಟಲ್ ಹಲ್ಲು ಕಳೆದುಕೊಂಡದ್ದು ಇದೇ ಜಾಗದಲ್ಲಿ.

ವೇಗವೂ ಮುಖ್ಯ. ನನ್ನ ಪಿಲ್ಲರ್ ಡ್ರಿಲ್ಲಿನ ಅತಿ ಕಡಿಮೆ ವೇಗ ನಿಮಿಷಕ್ಕೆ 450 ಸುತ್ತಿನ ಸುಮಾರು. 48ರ ಅಳತೆಗೆ ಬೇಕಾದದ್ದು 180ರ ಆಸುಪಾಸು. ವೇಗ ಇಳಿಸಲು ಗುಜರಿಯಿಂದ ಪುಲ್ಲಿ, ಬೇರಿಂಗ್ ತಂದು ನಡುವೆ ಒಂದು ಶಾಫ್ಟ್ ಕೂರಿಸಿದೆ, ಬೆಲ್ಟ್ ಸೇರಿ ಸಾವಿರದೆಂಟುನೂರು ಖರ್ಚಾಯಿತು. ಇಡೀ ಕೆಲಸದಲ್ಲಿ ಇಷ್ಟು ಚೆನ್ನಾಗಿ ದುಡಿದ ಹಣ ಬೇರೆಯಿಲ್ಲ. ಎಣ್ಣೆಯ ವಿಷಯದಲ್ಲಿ ಕೂಲೆಂಟ್, ಹಳೆಯ ಎಂಜಿನ್ ಆಯಿಲ್, ಕೊಬ್ಬರಿ ಎಣ್ಣೆ ಎಲ್ಲವನ್ನೂ ನೋಡಿದ್ದೇನೆ. ಕೊನೆಗೆ ಎರಡನ್ನು ಬೆರೆಸಿದ ಒಂದು ಮಿಶ್ರಣ ಕೈಹಿಡಿಯಿತು, ಅದರ ಪ್ರಮಾಣವನ್ನು ಮಾತ್ರ ನನ್ನಲ್ಲೇ ಇಟ್ಟುಕೊಳ್ಳುತ್ತೇನೆ.

ಈ ನಡುವೆ ತೆಳು ಪೈಪಿನಲ್ಲೂ ಪ್ರಯತ್ನಿಸಿದೆ. ಹದಿನೆಂಟು ಗೇಜಿನ ಪೈಪಿಗೆ ಹಲ್ಲು ಸಿಕ್ಕಿಕೊಂಡು ಗೋಡೆಯೇ ಹರಿಯಿತು. ಬೇವಿನ ಮರದ ಗೂಟವನ್ನು ಬಿಗಿಯಾಗಿ ಒಳಗೆ ಹೊಡೆದು ಕೊರೆದಾಗ ಅಂಚು ಅರ ಮುಟ್ಟಿಸಬೇಕಿಲ್ಲದಷ್ಟು ನುಣುಪಾಗಿ ಬಂತು. ಆದರೆ ಗೂಟ ಕೆತ್ತುವ ಕೂಲಿಯೇ ದುಬಾರಿಯಾದ್ದರಿಂದ ಸಣ್ಣ ಕೆಲಸಕ್ಕೆ ಮಾತ್ರ ಅದು ಸರಿ. 304 ಸ್ಟೇನ್‌ಲೆಸ್ ಸ್ಟೀಲ್ ಪೈಪಿಗೆ ವೇಗವನ್ನು ಇನ್ನೂ ಅರ್ಧಕ್ಕೆ ಇಳಿಸಬೇಕು. ಅಲ್ಲಿ ಒತ್ತಡ ಬಿಟ್ಟು ಸುಮ್ಮನೆ ಉಜ್ಜಲು ಬಿಟ್ಟರೆ ಲೋಹ ಗಟ್ಟಿಯಾಗಿ, ಮುಂದೆ ಹಲ್ಲೇ ಇಳಿಯುವುದಿಲ್ಲ.

ಒಟ್ಟು ನೂರಿಪ್ಪತ್ತು ಕೊರೆತ ಆಯಿತು, ಸರಿದಾರಿ ಸಿಕ್ಕ ಮೇಲೆ ಸವೆದದ್ದು ನಾಲ್ಕೇ ಬೈಮೆಟಲ್. ಮಗುಚುವ ಸಮಯವೂ ಸೇರಿ ಒಂದು ಕೊರೆತಕ್ಕೆ ಏಳೆಂಟು ನಿಮಿಷ, ಅಂದರೆ ನಾಚ್‌ಗೆ ನಾಲ್ಕು. ನಾಚ್‌ನ ಚೂಪು ಕಿವಿಗಳು ವೆಲ್ಡಿಂಗಿನಲ್ಲಿ ಸುಟ್ಟುಹೋಗುವುದರಿಂದ ಒಂದು ಮಿ.ಮೀ.ನಷ್ಟು ಗ್ರೈಂಡರಿನಲ್ಲಿ ತಟ್ಟುತ್ತೇವೆ; ಸತುವಿನ ಹೊಗೆ ಬಾರದಂತೆ ಸುತ್ತಲಿನ ಲೇಪವನ್ನೂ ಅದೇ ಹೊತ್ತಿನಲ್ಲಿ ತೆಗೆಯುತ್ತೇವೆ. ಮೊದಲ ಅಡ್ಡಕಂಬಿಯನ್ನು ಕಂಬಕ್ಕೆ ಒತ್ತಿ ಹಿಡಿದಾಗ ಮೇಸ್ತ್ರಿಗಳು ಸಂದಿಗೆ ಹ್ಯಾಕ್ಸಾ ಬ್ಲೇಡ್ ತೂರಿಸಲು ನೋಡಿದರು, ಅದು ಹೋಗಲಿಲ್ಲ. ಈಗ ಆಂಗಲ್ ಕವುಚಿ ಗೆರೆ ಎಳೆಯುವ ಕೆಲಸವನ್ನು ಅವರು ಬೇರೆ ಯಾರಿಗೂ ಬಿಡುವುದಿಲ್ಲ.