ಆಕಾಶದಲ್ಲಿ ಕರೆಂಟು ಹೋದಾಗ

ಮೊದಲು ಗೊತ್ತಾಗಿದ್ದು ವಿಮಾನ ಓಡಿಸುತ್ತಿದ್ದ ನನಗಲ್ಲ, ನೆಲದ ಮೇಲೆ ಕೂತು ವಿಮಾನಗಳ ಮೇಲೆ ಕಣ್ಣಿಟ್ಟಿದ್ದ ಕಂಟ್ರೋಲರ್‌ಗೆ. ನಿಮ್ಮ ಎತ್ತರ ನನ್ನ ಪರದೆಯಲ್ಲಿ ಕಾಣಿಸ್ತಿಲ್ಲ, ಟ್ರಾನ್ಸ್‌ಪಾಂಡರ್ (ನಮ್ಮ ಎತ್ತರವನ್ನು ಅವರ ರೇಡಾರಿಗೆ ಕಳಿಸುವ ಪೆಟ್ಟಿಗೆ) ಒಂದ್ಸಲ ಆರಿಸಿ ಹಾಕಿ ಅಂದರು. ಅವರ ದನಿಯೂ ಗಂಟಲು ಕಟ್ಟಿದ ಹಾಗೆ ಕರಕರ ಅನ್ನುತ್ತಿತ್ತು. ಹೆಡ್‌ಸೆಟ್ ವೈರು ಸಡಿಲ ಇರಬೇಕು ಅಂದುಕೊಂಡು ಅದನ್ನೇ ತಿರುಚಿ ನೋಡಿದೆ. ಆಮೇಲೆ ಕೈ ಅಡ್ಡ ಹಿಡಿದು ಪ್ಯಾನೆಲ್ ನೋಡಿದರೆ, ಲೋ ವೋಲ್ಟೇಜ್ ಅಂತ ಬರೆದ ಪುಟ್ಟ ಕೆಂಪು ದೀಪ ಉರಿಯುತ್ತಿತ್ತು. ಎಷ್ಟು ಹೊತ್ತಿನಿಂದ ಉರಿಯುತ್ತಿತ್ತೋ ದೇವರಿಗೇ ಗೊತ್ತು.

ಜುಲೈ ತಿಂಗಳ ಸಂಜೆ, ಏಳು ಮುಕ್ಕಾಲು ದಾಟಿತ್ತು. ಫ್ಲೈಯಿಂಗ್ ಕ್ಲಬ್ಬಿನ ಪುಟ್ಟ ವಿಮಾನ ಸೆಸ್ನಾ 172ಪಿ ಬಾಡಿಗೆಗೆ ತಗೊಂಡು, ಹಾಸನದಿಂದ ಬಂದಿದ್ದ ಭಾವನನ್ನು ಕೂರಿಸಿಕೊಂಡು ಕ್ಯಾಲಿಫೋರ್ನಿಯಾದ ಪಾಸೋ ರೋಬ್ಲೆಸ್‌ನಿಂದ ಸ್ಯಾನ್ ಹೋಸೆಯ ರೀಡ್ ಹಿಲ್‌ವ್ಯೂ ಏರ್‌ಪೋರ್ಟಿಗೆ ವಾಪಸ್ ಹೊರಟಿದ್ದೆ. ಸಲೀನಾಸ್ ಕಣಿವೆಯ ಮೇಲೆ 4500 ಅಡಿ ಎತ್ತರ, ಕೆಳಗೆ 101 ಹೆದ್ದಾರಿ, ಮುಂದೆ ಸೋಲೆಡಾಡ್ ಊರು. ವಾಯುವ್ಯಕ್ಕೆ ಹೋಗುವಾಗ ಆ ಹೊತ್ತಿನ ಸೂರ್ಯ ಸರಿಯಾಗಿ ಕಣ್ಣಿಗೇ ಹೊಡೆಯುತ್ತಾನೆ. ದೀಪ ಕಾಣದೆ ಇದ್ದಿದ್ದು ಅದಕ್ಕೇ. ನೆಪ ಅಂತ ಬೇಕಾದರೂ ಅನ್ನಿ. ಯಾಕಂದರೆ ಪಕ್ಕದಲ್ಲೇ ಅಮ್ಮೀಟರ್ ಇತ್ತು, ಅದರ ಮುಳ್ಳು ಸೊನ್ನೆಯಿಂದ ಎಡಕ್ಕೆ ವಾಲಿತ್ತು.

ಎಡಕ್ಕೆ ವಾಲಿದರೆ ಏನರ್ಥ? ಬೆಂಗಳೂರಿನ ಮನೆ ನೆನಪಿಸಿಕೊಳ್ಳಿ. ಸಂಪಿನಿಂದ ನೀರೆತ್ತುವ ಮೋಟಾರು ಕೆಟ್ಟರೂ ನಲ್ಲಿಯಲ್ಲಿ ನೀರು ಬರುತ್ತಲೇ ಇರುತ್ತೆ, ಓವರ್‌ಹೆಡ್ ಟ್ಯಾಂಕ್ ಖಾಲಿಯಾಗೋವರೆಗೆ. ಅಲ್ಲಿವರೆಗೆ ಮನೆಯಲ್ಲಿ ಯಾರಿಗೂ ಸುಳಿವು ಸಿಗೋದಿಲ್ಲ. ವಿಮಾನದಲ್ಲಿ ಆಲ್ಟರ್ನೇಟರ್ ಆ ಮೋಟಾರು. 24 ವೋಲ್ಟ್ ಬ್ಯಾಟರಿ ಟ್ಯಾಂಕು. ಮುಳ್ಳು ಎಡಕ್ಕೆ ವಾಲಿದರೆ ಟ್ಯಾಂಕು ತುಂಬುತ್ತಿಲ್ಲ, ಬರಿದಾಗುತ್ತಿದೆ ಅಂತ.

ಒಂದು ಸಮಾಧಾನ: ಈ ಎಂಜಿನ್‌ಗೆ ಕರೆಂಟೇ ಬೇಡ. ಸ್ಪಾರ್ಕ್ ಪ್ಲಗ್‌ಗೆ ಕಿಡಿ ಕೊಡೋದು ಎರಡು ಮ್ಯಾಗ್ನೆಟೋ, ಅವು ಎಂಜಿನ್ ತಿರುಗಿದಷ್ಟು ಹೊತ್ತು ತಾವೇ ಕರೆಂಟು ಹುಟ್ಟಿಸಿಕೊಳ್ಳುತ್ತವೆ. ಹಳೇ ಬಜಾಜ್ ಚೇತಕ್‌ಗೆ ಬ್ಯಾಟರಿ ಎಲ್ಲಿತ್ತು, ಹಾಗೇ. ವೇಗ ಮತ್ತು ಎತ್ತರ ತೋರಿಸುವ ಮೀಟರುಗಳು ಗಾಳಿಯ ಒತ್ತಡದಿಂದ ಓಡುತ್ತವೆ. ದಿಗಂತ ತೋರಿಸುವ ಜೈರೋ ಎಂಜಿನ್‌ಗೆ ಕಟ್ಟಿದ ವ್ಯಾಕ್ಯೂಮ್ ಪಂಪಿನಿಂದ ತಿರುಗುತ್ತದೆ. ಹೋಗುವುದು ರೇಡಿಯೋ, ಟ್ರಾನ್ಸ್‌ಪಾಂಡರ್, ದೀಪಗಳು, ಪೆಟ್ರೋಲ್ ಮುಳ್ಳು, ಫ್ಲ್ಯಾಪ್ (ನಿಧಾನವಾಗಿ ಇಳಿಯಲು ರೆಕ್ಕೆಯ ಹಿಂಬದಿ ಇಳಿಬಿಡುವ ಹಲಗೆ). ಹೊಗೆ ವಾಸನೆ ಬಂದರೆ ಕತೆ ಬೇರೆ, ಯೋಚನೆ ಮಾಡದೆ ಮಾಸ್ಟರ್, ಅಂದರೆ ವಿಮಾನದ ಮೇನ್ ಸ್ವಿಚ್ಚನ್ನೇ ಆರಿಸಬೇಕು. ಮೂಗು ಮುಂದೆ ಮಾಡಿ ಮೂಸಿ ನೋಡಿದೆ. ವಾಸನೆ ಏನೂ ಇರಲಿಲ್ಲ.

ಚೆಕ್‌ಲಿಸ್ಟ್ ತೆಗೆದೆ. ರೇಡಿಯೋಗಳ ಸ್ವಿಚ್ ಆಫ್. ಆಲ್ಟರ್ನೇಟರ್ ಬ್ರೇಕರ್ (ಕರೆಂಟು ಮಿತಿ ಮೀರಿದರೆ ಹೊರಗೆ ಹಾರುವ ಗುಂಡಿ) ಒಳಗೇ ಇದೆಯಾ ಅಂತ ಬೆರಳಲ್ಲಿ ಮುಟ್ಟಿ ನೋಡಿದೆ, ಇತ್ತು. ಸೆಸ್ನಾದ ಮಾಸ್ಟರ್ ಸ್ವಿಚ್ ಎರಡು ಹೋಳು: ಒಂದು ಬ್ಯಾಟರಿಗೆ, ಒಂದು ಆಲ್ಟರ್ನೇಟರ್‌ಗೆ. ಎರಡನ್ನೂ ಆರಿಸಿ ಮತ್ತೆ ಹಾಕಬೇಕು. ವೋಲ್ಟೇಜ್ ಒಂದು ಕ್ಷಣ ಜಾಸ್ತಿಯಾಗಿ ರಿಲೇ ಹಾರಿದ್ದರೆ ಇದರಿಂದ ಸರಿಹೋಗುತ್ತದೆ. ಆರಿಸಿದ ತಕ್ಷಣ ಪೆಟ್ರೋಲ್ ಮುಳ್ಳೆರಡೂ ಸರ್ರನೆ ಖಾಲಿಗೆ ಇಳಿದವು. ಭಾವ ಅದನ್ನೇ ನೋಡುತ್ತಿದ್ದರು ಅಂತ ಕಾಣುತ್ತೆ. ಇಂಟರ್‌ಕಾಮ್ ಕೂಡ ಸತ್ತಿತ್ತು, ಹೆಡ್‌ಸೆಟ್ ಎತ್ತಿ ನನ್ನ ಕಿವಿಗೆ ಕೂಗಿದರು.

"ಪೆಟ್ರೋಲೂ ಮುಗೀತಾ?"

"ಇಲ್ಲ ಭಾವ, ಕರೆಂಟು ಹೋಯ್ತು!"

"ಇಲ್ಲೂನಾ?"

ಹೊರಡುವ ಮುಂಚೆ ರೆಕ್ಕೆ ಮೇಲೆ ಹತ್ತಿ ಟ್ಯಾಂಕಿಗೆ ಕಡ್ಡಿ ಇಳಿಸಿ ಅಳೆದಿದ್ದೆ. ಹಾಗಾಗಿ ಮುಳ್ಳಿನ ಮಾತು ನಂಬುವ ಅಗತ್ಯ ಇರಲಿಲ್ಲ. ಮಾಸ್ಟರ್ ಮತ್ತೆ ಹಾಕಿದೆ. ಕೆಂಪು ದೀಪವೂ ಮತ್ತೆ ಬಂತು. ಅಲ್ಲಿಗೆ ಮುಗಿಯಿತು. ಇದನ್ನು ಒಂದೇ ಸಲ ಮಾಡಬೇಕು. ಹತ್ತು ಸಲ ಆರಿಸಿ ಹಾಕಿ ಆಟ ಆಡಿದರೆ, ಕೆಟ್ಟ ವೈರಿಗೆ ಕರೆಂಟು ನೂಕಿ ಬೆಂಕಿ ಹಚ್ಚಿದ ಹಾಗೆ. ಆಲ್ಟರ್ನೇಟರ್ ಕಡೆಯ ಹೋಳನ್ನು ಆರಿಸಿಯೇ ಬಿಟ್ಟೆ. ಅದು ಏನೂ ಕೊಡದಿದ್ದರೂ ಒಳಗಿನ ಫೀಲ್ಡ್ ಕಾಯಿಲ್‌ಗೆ (ಆಯಸ್ಕಾಂತದ ಹಾಗೆ ಕೆಲಸ ಮಾಡುವ ವೈರಿನ ಸುರುಳಿ) ಅಂತ ಬ್ಯಾಟರಿಯಿಂದಲೇ ಕುಡಿಯಬಹುದು.

ಇಲ್ಲಿಂದ ಶುರುವಾಗಿದ್ದು ನಿಜವಾದ ತಲೆನೋವು. ಮನೆ ಮುಂದಿತ್ತು, ಇನ್ನು 57 ನಾಟಿಕಲ್ ಮೈಲಿ. ಎದುರುಗಾಳಿಯಲ್ಲಿ ಹತ್ತಿರ ಹತ್ತಿರ 40 ನಿಮಿಷ. ಬ್ಯಾಟರಿ ಚೆನ್ನಾಗಿದ್ದು, ಖರ್ಚು ಕಮ್ಮಿ ಮಾಡಿದರೆ ಅರ್ಧ ಗಂಟೆ ಬರುತ್ತೆ ಅಂತ ಲೆಕ್ಕ. ಆದರೆ ಕ್ಲಬ್ಬಿನ ಬ್ಯಾಟರಿಗೆ ವಯಸ್ಸೆಷ್ಟು, ಎಷ್ಟು ಹೊತ್ತಿನಿಂದ ಬಸಿಯುತ್ತಿದೆ? ತಲುಪುವ ಹೊತ್ತಿಗೆ ಸೂರ್ಯ ಮುಳುಗಿರುತ್ತಾನೆ. ದೀಪವಿಲ್ಲದ, ರೇಡಾರಿಗೆ ಸರಿಯಾಗಿ ಕಾಣದ ವಿಮಾನ ತಗೊಂಡು ಸ್ಯಾನ್ ಹೋಸೆಯ ದೊಡ್ಡ ಏರ್‌ಪೋರ್ಟಿನ ಮಗ್ಗುಲಿಗೆ ಹೋಗಬೇಕು. ದಾರಿಯಲ್ಲಿ ಸಲೀನಾಸ್ ಇತ್ತು, ಟವರ್ ಇರುವ ಏರ್‌ಪೋರ್ಟ್. ರೇಡಿಯೋ ಇಲ್ಲದಿದ್ದರೂ ಟವರಿನವರು ದೀಪದ ಸನ್ನೆ ಮಾಡುತ್ತಾರೆ, ನಿಂತ ಹಸಿರು ಕಂಡರೆ ಇಳಿಯಬಹುದು. ಆದರೆ ಮಾಂಟೆರೇ ಕೊಲ್ಲಿ ಕಡೆಯಿಂದ ಮಂಜು ಹಾಸಿಕೊಂಡು ಬರುತ್ತಿರುವುದು ಕಣ್ಣಿಗೇ ಕಾಣುತ್ತಿತ್ತು. ಬೇಸಿಗೆ ಸಂಜೆ ಅಲ್ಲಿ ಇದು ಮಾಮೂಲು.

ಹಿಂದೆ, ಈಗಷ್ಟೇ ದಾಟಿ ಬಂದ ಕಿಂಗ್ ಸಿಟಿ ಇತ್ತು. 16 ಮೈಲಿ. ಅದೇ ಗಾಳಿ ಈಗ ಬೆನ್ನಿಗೆ, ಅಂದರೆ ಎಂಟು ನಿಮಿಷ. ಸುಮಾರು 4500 ಅಡಿ ರನ್‌ವೇ, ಟವರ್ ಇಲ್ಲ. ಸಂಜೆ ಹೊತ್ತು ಮೆಕ್ಯಾನಿಕ್ ಇರಲಿ, ನರಪಿಳ್ಳೆಯೂ ಸಿಗುವ ಹಾಗಿರಲಿಲ್ಲ.

ನನ್ನ ಇನ್‌ಸ್ಟ್ರಕ್ಟರ್ ಒಂದು ಅಪಘಾತದ ಕತೆಯನ್ನು ಪದೇಪದೇ ಹೇಳುತ್ತಿದ್ದರು. 1983ರ ಅಕ್ಟೋಬರ್ 11ರ ರಾತ್ರಿ, ಏರ್ ಇಲಿನಾಯ್ ಫ್ಲೈಟ್ 710. ವಿಮಾನ ಎಚ್‌ಎಸ್ 748, ನಮ್ಮ ಎಚ್‌ಎಎಲ್ ಕಾನ್ಪುರದಲ್ಲಿ ಕಟ್ಟುತ್ತಿದ್ದ ಆವ್ರೋ ಅಂತೀವಲ್ಲ, ಅದೇ. ಸ್ಪ್ರಿಂಗ್‌ಫೀಲ್ಡ್‌ನಿಂದ ಏರಿದ ಸ್ವಲ್ಪ ಹೊತ್ತಿಗೇ ಎಡಗಡೆ ಜನರೇಟರ್ ಕೆಟ್ಟಿತು. ಗಡಿಬಿಡಿಯಲ್ಲಿ, ಸರಿಯಿದ್ದ ಬಲಗಡೆಯದನ್ನು ಕಳಚಿದರು. ಏರ್‌ಪೋರ್ಟ್ ಬೆನ್ನ ಹಿಂದೆಯೇ ಇತ್ತು. ಕ್ಯಾಪ್ಟನ್ ಬ್ಯಾಟರಿ ನಂಬಿಕೊಂಡು ಕಾರ್ಬನ್‌ಡೇಲ್‌ಗೆ ಮುಂದುವರಿದರು. ಕತ್ತಲು, ಮೋಡ. ಬ್ಯಾಟರಿ ದಾರಿಯಲ್ಲೇ ಕೈಕೊಟ್ಟಿತು. ವಿಮಾನದಲ್ಲಿದ್ದ ಹತ್ತೂ ಜನ ಸತ್ತರು.

ರೇಡಿಯೋ ಒಂದನ್ನೇ ಹಾಕಿ ಕಂಟ್ರೋಲರ್‌ಗೆ ಒಂದೇ ಉಸಿರಲ್ಲಿ ಹೇಳಿದೆ: ಆಲ್ಟರ್ನೇಟರ್ ಹೋಗಿದೆ, ವಾಪಸ್ ತಿರುಗಿ ಕಿಂಗ್ ಸಿಟಿಯಲ್ಲಿ ಇಳಿಯುತ್ತೇವೆ, ಇನ್ನು ರೇಡಿಯೋ ಆರಿಸುತ್ತೇವೆ, ಇಳಿದ ಮೇಲೆ ಫೋನ್ ಮಾಡುತ್ತೇವೆ. ಇದನ್ನು ಹೇಳದೆ ಮಾಯವಾದರೆ ಅವರು ಹುಡುಕೋಕೆ ಶುರು ಮಾಡುತ್ತಾರೆ. ಚುಟುಕಾಗಿ ಹೇಳೋದಕ್ಕೂ ಕಾರಣ ಇದೆ. ಕೇಳಿಸಿಕೊಳ್ಳುವುದಕ್ಕಿಂತ ಮಾತಾಡುವುದಕ್ಕೆ ರೇಡಿಯೋ ಎಷ್ಟೋ ಜಾಸ್ತಿ ಕರೆಂಟು ತಿನ್ನುತ್ತದೆ. ಆಮೇಲೆ ಒಂದೊಂದಾಗಿ ಆರಿಸುತ್ತಾ ಬಂದೆ, ಲ್ಯಾಂಡಿಂಗ್ ಲೈಟ್, ಸ್ಟ್ರೋಬ್, ಟ್ರಾನ್ಸ್‌ಪಾಂಡರ್. ಲೈಟರ್ ಸಾಕೆಟ್‌ನಲ್ಲಿ ಭಾವನ ಫೋನು ಬೇರೆ ಚಾರ್ಜ್ ಆಗುತ್ತಿತ್ತು. ಕಿತ್ತು ಅವರ ಕೈಗೆ ಕೊಟ್ಟೆ. ಕೊನೆಗೆ ಬ್ಯಾಟರಿ ಸ್ವಿಚ್ಚನ್ನೂ ಆರಿಸಿದೆ. ಹಗಲು ಇತ್ತು, ಹೆದ್ದಾರಿ ಕಾಣುತ್ತಿತ್ತು, ಬ್ಯಾಟರಿ ಖರ್ಚು ಮಾಡಿ ಆಗಬೇಕಾದ್ದು ಏನಿತ್ತು?

ಪ್ಯಾನೆಲ್ ಪೂರ್ತಿ ಸತ್ತಿದೆ, ಎಂಜಿನ್ ಮಾತ್ರ ತನ್ನ ಪಾಡಿಗೆ ಗುಂಯ್ ಅನ್ನುತ್ತಿದೆ. ಹೀಗಾಗುತ್ತೆ ಅಂತ ಗೊತ್ತಿದ್ದರೂ ಮೊದಲ ಒಂದು ನಿಮಿಷ ಕಿವಿ ಅದರ ಮೇಲೇ ಇತ್ತು. ಭಾವನಿಗೆ ಬೇರೆ ವಿಮಾನ ಕಂಡರೆ ಕೈ ತೋರಿಸುವ ಕೆಲಸ ಒಪ್ಪಿಸಿದೆ. ಪಾಪ, ಹದ್ದನ್ನೂ ಬಿಡದೆ ತೋರಿಸಿದರು.

ಐದು ಮೈಲಿ ಇರುವಾಗ ಬ್ಯಾಟರಿ ಹಾಕಿ, ಅಲ್ಲಿ ಹಾರಾಡುತ್ತಿರುವವರಿಗೆ ಕೇಳಲಿ ಅಂತ ಒಂದು ಮಾತು ಹೇಳಿದೆ. ಉತ್ತರ ಬರಲಿಲ್ಲ. ರನ್‌ವೇ ಪಕ್ಕಕ್ಕೆ ಬಂದಾಗ ಇನ್ನೊಂದು ಸಲ ಹೇಳಲು ಬಟನ್ ಒತ್ತಿದೆ. ರೇಡಿಯೋದ ಕಿತ್ತಳೆ ಬಣ್ಣದ ಅಂಕಿಗಳು ಮಂಕಾಗಿ, ಮಿಣಕ್ ಅಂದು, ಆರಿಹೋದವು. ಕೈ ಬಿಟ್ಟರೆ ಮತ್ತೆ ಮೆಲ್ಲಗೆ ಬಂದವು. ಒತ್ತಿದರೆ ಮತ್ತೆ ಇಲ್ಲ.

ಫ್ಲ್ಯಾಪ್ ಮುಟ್ಟಬಾರದು ಅಂತ ಅಷ್ಟು ಹೊತ್ತಿಗೇ ತೀರ್ಮಾನ ಮಾಡಿದ್ದೆ. ಈ ವಿಮಾನದ ಫ್ಲ್ಯಾಪ್ ಓಡಿಸುವುದು ಕರೆಂಟಿನ ಮೋಟಾರು. ಸಾಯುತ್ತಿರುವ ಬ್ಯಾಟರಿ ಅದನ್ನು ಪೂರ್ತಿ ಇಳಿಸಬಹುದು, ಆದರೆ ಮತ್ತೆ ಎತ್ತುತ್ತೆ ಅಂತ ಏನು ಗ್ಯಾರಂಟಿ? ರನ್‌ವೇ ಮೇಲೆ ಜಿಂಕೆ ಬಂತು ಅಂತ ವಾಪಸ್ ಏರಬೇಕಾದರೆ, ಇಳಿಬಿಟ್ಟ ಫ್ಲ್ಯಾಪ್ ಹೊತ್ತುಕೊಂಡು ಏರೋದು ಕಷ್ಟ. ಅದರ ಬದಲು 70 ನಾಟ್ ವೇಗದಲ್ಲಿ, ಮಾಮೂಲಿಗಿಂತ ದೂರದಿಂದ ಚಪ್ಪಟೆಯಾಗಿ ಬಂದೆ. ಫ್ಲ್ಯಾಪ್ ಇಲ್ಲದಾಗ ಮೂಗು ಸ್ವಲ್ಪ ಮೇಲಿರುತ್ತೆ, ರನ್‌ವೇ ಅರ್ಧ ಮರೆ. ನೆಲದ ಹತ್ತಿರ ಬಂದ ಮೇಲೂ ಇಳಿಯಲಾರೆ ಅಂತ ತೇಲುತ್ತಾ ಹೋಯಿತು. ಕಣಿವೆಯ ಗಾಳಿ ನೇರ ಎದುರಿಗೆ ಇದ್ದದ್ದು ಪುಣ್ಯ. ವೇಗ ತೀರಾ ಕಮ್ಮಿಯಾಯಿತು ಅಂತ ಎಚ್ಚರಿಸುವ ಸ್ಟಾಲ್ ಹಾರ್ನ್ ಪೀಂಯ್ ಅಂತು (ಅದಕ್ಕೂ ಕರೆಂಟು ಬೇಡ, ಗಾಳಿ ಎಳೆದುಕೊಂಡು ಊದುವ ಪೀಪಿ), ಚಕ್ರ ನೆಲ ಮುಟ್ಟಿತು.

ಕಂಟ್ರೋಲರ್‌ಗೆ ಫೋನ್, ಕ್ಲಬ್ಬಿಗೆ ಫೋನ್, ಅಕ್ಕನಿಗೆ ಫೋನ್. ಮೂರನೆಯದೇ ಕಷ್ಟ ಆಗಿದ್ದು. ರಾತ್ರಿ ಹೆದ್ದಾರಿ ಪಕ್ಕದ ಮೋಟೆಲ್‌ನಲ್ಲಿ ಕಳೆದೆವು.

ಮಾರನೇ ದಿನ ಮಧ್ಯಾಹ್ನ ಬಂದ ಮೆಕ್ಯಾನಿಕ್ ಎಂಜಿನ್ ಮುಚ್ಚಳ ಬಿಚ್ಚಿ, ಆಲ್ಟರ್ನೇಟರ್ ಹಿಂದಿನ ತೆಳು ವೈರೊಂದನ್ನು ಎರಡು ಬೆರಳಲ್ಲಿ ಎತ್ತಿ ತೋರಿಸಿದರು. ಅದೇ ಫೀಲ್ಡ್ ವೈರು. ಅಲುಗಾಡಿ ಅಲುಗಾಡಿ ತುದಿಯ ಲಗ್ (ವೈರನ್ನು ಜೋಡಿಸುವ ಲೋಹದ ತುಂಡು) ಮುರಿದಿತ್ತು. ಹೊಸ ಲಗ್ ಒತ್ತಿ ಕೂರಿಸಲು ಹತ್ತು ನಿಮಿಷ ಸಾಕಾಯಿತು. ಜೊತೆಗೆ ಬ್ಯಾಟರಿಯನ್ನೂ ಬದಲಾಯಿಸಿದರು.

ನನ್ನ ತಪ್ಪೂ ಇತ್ತು, ಬರೆಯದೆ ಇರೋಕಾಗಲ್ಲ. ಹಾರುವ ಮುಂಚೆ ಲ್ಯಾಂಡಿಂಗ್ ಲೈಟ್ ಹಾಕಿ ಅಮ್ಮೀಟರ್ ನೋಡಬೇಕು. ಮುಳ್ಳು ಒಂದು ಕ್ಷಣ ಕದಲಿ ಮತ್ತೆ ಸೊನ್ನೆಯ ಹತ್ತಿರ ಬಂದರೆ ಆಲ್ಟರ್ನೇಟರ್ ದುಡಿಯುತ್ತಿದೆ ಅಂತ. ಪಾಸೋ ರೋಬ್ಲೆಸ್‌ನಲ್ಲಿ ಕತ್ತಲಾಗುತ್ತೆ ಅನ್ನುವ ಅವಸರಕ್ಕೆ ಅದನ್ನು ಬಿಟ್ಟಿದ್ದೆ. ಇಂಥ ಹೊತ್ತಿಗೇ ಅಂತ ಕೊಂಡಿದ್ದ ಕೈರೇಡಿಯೋ ಮನೆಯ ಬೀರುವಿನಲ್ಲಿತ್ತು.

ಕಿಂಗ್ ಸಿಟಿಯಲ್ಲಿ ಎಂಜಿನ್ ಶುರು ಮಾಡಿ ಲೈಟ್ ಹಾಕಿದೆ. ಭಾವ ಸೀಟ್ ಬೆಲ್ಟ್ ಎಳೆದುಕೊಂಡು ಬಗ್ಗಿ, ಮುಳ್ಳಿಗೆ ಬೆರಳು ತೋರಿಸಿದರು. "ಅಲ್ಲಾಡ್ತು ನೋಡು. ಹಾಂ, ವಾಪಸ್ ಬಂತು." ಸ್ಯಾನ್ ಹೋಸೆ ಬರುವವರೆಗೂ ಐದು ನಿಮಿಷಕ್ಕೊಂದು ಸಲ ಹಾಗೇ ಬಗ್ಗಿ ನೋಡುತ್ತಿದ್ದರು. ನಾನು ಒಂದ್ಸಲವೂ ಬೇಡ ಅನ್ನಲಿಲ್ಲ.