ಮಕ್ಕಳ ಮೈನ್‌ಕ್ರಾಫ್ಟ್ ಸರ್ವರ್ ಕನೆಕ್ಟ್ ಆಗದಿದ್ದರೆ ಏನು ನೋಡಬೇಕು

ಸಾಗರದ ನಮ್ಮ ಮನೆಯ ಹಳೇ ಕಂಪ್ಯೂಟರ್‌ನಲ್ಲಿ ಒಂದು ಮೈನ್‌ಕ್ರಾಫ್ಟ್ ಸರ್ವರ್, ಅಂದರೆ ಬೇರೆ ಬೇರೆ ಊರಿನವರು ಸೇರಿ ಆ ಆಟ ಆಡಲು ಬೇಕಾದ ಪ್ರೋಗ್ರಾಂ, ಓಡುತ್ತದೆ. ಆಟದ ಜಾವಾ ಎಡಿಷನ್, ಕಂಪ್ಯೂಟರ್‌ನಲ್ಲಿ ಆಡುವ ಒಂದು ಆವೃತ್ತಿ. ಮೈಸೂರಿನಲ್ಲಿರುವ ಅಕ್ಕನ ಮಗ, ಮಂಗಳೂರಿನಲ್ಲಿರುವ ತಂಗಿಯ ಮಗಳು, ನನ್ನ ಮಗ, ಮೂವರೂ ಶನಿವಾರ ಸಂಜೆ ಅಲ್ಲೇ ಸೇರುತ್ತಾರೆ. ವರ್ಷಕ್ಕೆ ಎರಡು ಸಲ ಮುಖ ನೋಡುವ ಮಕ್ಕಳು. ಸರ್ವರ್ ಸಿಗದಿದ್ದರೆ ನನಗೂ ಬೇಜಾರಾಗುತ್ತದೆ.

"ಮಾವ, ಕನೆಕ್ಟ್ ಆಗ್ತಿಲ್ಲ" ಎಂದು ಫೋನ್ ಬಂದರೆ ನಾನು ಮೊದಲು ಕೇಳುವುದು ಒಂದೇ: "ಸ್ಕ್ರೀನ್ ಮೇಲೆ ಏನು ಬಂದಿದೆ? ಇದ್ದ ಹಾಗೇ ಓದು."

'ಅನ್‌ನೋನ್ ಹೋಸ್ಟ್' ಎಂದಿದ್ದರೆ ವಿಳಾಸ ಟೈಪ್ ಮಾಡುವಾಗ ತಪ್ಪಾಗಿರಬಹುದು. 'ಔಟ್‌ಡೇಟೆಡ್' ಎಂದಿದ್ದರೆ ಆಟದ ವರ್ಷನ್, ಸರ್ವರ್ ವರ್ಷನ್ ಬೇರೆ ಬೇರೆ. ಆಟ ತೆರೆಯುವ ಲಾಂಚರ್‌ನಲ್ಲಿ ಸರಿಯಾದದ್ದನ್ನು ಆರಿಸಿದರೆ ಆಯಿತು. 'ವೈಟ್‌ಲಿಸ್ಟ್' ಎಂಬ ಮಾತು ಕಂಡರೆ ಖುಷಿಪಡಿ. ದಾರಿ ಸರಿಯಿದೆ, ಮಗುವಿನ ಹೆಸರನ್ನು ಒಳಗೆ ಬಿಡುವವರ ಪಟ್ಟಿಗೆ ಸೇರಿಸಬೇಕು ಅಷ್ಟೇ.

ತಲೆ ತಿನ್ನುವುದು ಇನ್ನೆರಡು. 'ಕನೆಕ್ಷನ್ ರೆಫ್ಯೂಸ್ಡ್' ಎಂದರೆ ಸಾಮಾನ್ಯವಾಗಿ ಕಂಪ್ಯೂಟರ್‌ವರೆಗೆ ತಲುಪಿದ್ದೀರಿ, ಆದರೆ ಆ ಪೋರ್ಟ್‌ನಲ್ಲಿ (ಕಂಪ್ಯೂಟರ್‌ನ ನಂಬರ್ ಹಾಕಿದ ಬಾಗಿಲಿನಂಥದ್ದು) ಸರ್ವರ್ ಇಲ್ಲ. ಅದು ಶುರುವೇ ಆಗಿಲ್ಲ, ಇಲ್ಲವೇ ಪೋರ್ಟ್ ನಂಬರ್ ಬೇರೆ. 'ಟೈಮ್ಡ್ ಔಟ್' ಎಂದರೆ ಯಾರಿಂದಲೂ ಉತ್ತರವೇ ಬರಲಿಲ್ಲ. ಆಗ ಫೈರ್‌ವಾಲ್ (ಹೊರಗಿನ ಸಂಪರ್ಕ ತಡೆಯುವ ಕಾವಲು ಪ್ರೋಗ್ರಾಂ), ರೂಟರ್ ಅಥವಾ ವಿಳಾಸದ ಮೇಲೆ ಅನುಮಾನ ಪಡಬೇಕು.

ಇದಾದ ಮೇಲೆ ಒಳಗಿನಿಂದ ಹೊರಗೆ ಹೋಗಿ. ಸರ್ವರ್ ಇರುವ ಕಂಪ್ಯೂಟರ್‌ನಲ್ಲೇ ಆಟ ತೆರೆದು, ವಿಳಾಸದ ಜಾಗದಲ್ಲಿ 'ಲೋಕಲ್‌ಹೋಸ್ಟ್' (ಇದೇ ಕಂಪ್ಯೂಟರ್ ಎಂದರ್ಥ) ಎಂದು ಇಂಗ್ಲಿಷಿನಲ್ಲಿ ಬರೆದು ನೋಡಿ. ಅದೂ ಆಗದಿದ್ದರೆ ರೂಟರ್ ಮುಟ್ಟಲೇಬೇಡಿ, ತೊಂದರೆ ಸರ್ವರ್‌ನಲ್ಲೇ ಇದೆ. ಆಯಿತಾ? ಈಗ ಮನೆಯ ಇನ್ನೊಂದು ಕಂಪ್ಯೂಟರ್‌ನಿಂದ, 192.168 ಎಂದು ಶುರುವಾಗುವ ಒಳ ವಿಳಾಸಕ್ಕೆ ಪ್ರಯತ್ನಿಸಿ. ಇಲ್ಲಿ ನಿಂತರೆ ಬಹುಪಾಲು ವಿಂಡೋಸ್ ಫೈರ್‌ವಾಲ್. ನಮ್ಮಲ್ಲಿ ಹೊಸ ರೂಟರ್ ಹಾಕಿದಾಗ ಹೀಗಾಯಿತು. ವಿಂಡೋಸ್ ಅದನ್ನು ಹೊಸ ನೆಟ್‌ವರ್ಕ್ ಎಂದುಕೊಂಡು 'ಪಬ್ಲಿಕ್' ಮಾಡಿಬಿಟ್ಟಿತ್ತು. 'ಪ್ರೈವೇಟ್' ಮಾಡಿ, ಜಾವಾಕ್ಕೆ ಅನುಮತಿ ಕೊಟ್ಟೆ, ಸರಿಹೋಯಿತು. ದಯವಿಟ್ಟು ಫೈರ್‌ವಾಲ್ ಪೂರ್ತಿ ಆಫ್ ಮಾಡಬೇಡಿ.

ಕೊನೆಗೆ ಹೊರಗಿನಿಂದ. ಇದನ್ನು ಮನೆಯ ವೈಫೈನಲ್ಲಿ ಪರೀಕ್ಷಿಸಬೇಡಿ. ಎಷ್ಟೋ ರೂಟರ್‌ಗಳು ಮನೆಯೊಳಗಿನಿಂದ ಮನೆಯದೇ ಹೊರ ವಿಳಾಸಕ್ಕೆ ಹೋಗಲು ಬಿಡುವುದಿಲ್ಲ. ಲ್ಯಾಪ್‌ಟಾಪನ್ನು ಮೊಬೈಲ್ ಡೇಟಾಗೆ ಹಾಕಿ ನೋಡಿ. ರೂಟರ್‌ನಲ್ಲಿ 25565 ಟಿಸಿಪಿ ಪೋರ್ಟನ್ನು ಸರ್ವರ್ ಕಂಪ್ಯೂಟರ್‌ಗೆ ಫಾರ್ವರ್ಡ್ ಮಾಡಿರಬೇಕು, ಅಂದರೆ ಹೊರಗಿನಿಂದ ಆ ಪೋರ್ಟ್‌ಗೆ ಬಂದದ್ದನ್ನು ಆ ಕಂಪ್ಯೂಟರ್‌ಗೇ ಕಳಿಸುವಂತೆ ಹೇಳಿರಬೇಕು. ಮಳೆಗಾಲದಲ್ಲಿ ನಮ್ಮ ಕಡೆ ಕರೆಂಟ್ ಹೋಗುವುದು ಜಾಸ್ತಿ. ಒಮ್ಮೆ ಕರೆಂಟ್ ಬಂದ ಮೇಲೆ ಕಂಪ್ಯೂಟರ್‌ನ ವಿಳಾಸ 192.168.1.5 ಇದ್ದದ್ದು 1.7 ಆಗಿತ್ತು. ಫಾರ್ವರ್ಡ್ ಮಾತ್ರ ಹಳೇ ವಿಳಾಸಕ್ಕೇ ಹೋಗುತ್ತಿತ್ತು. ರೂಟರ್‌ನಲ್ಲಿ ಆ ಕಂಪ್ಯೂಟರ್‌ಗೆ ಒಂದು ವಿಳಾಸ ಕಾಯ್ದಿರಿಸಿ. ಸರ್ವರ್ ಸೆಟ್ಟಿಂಗ್ ಫೈಲ್‌ನಲ್ಲಿ ಸರ್ವರ್ ಐಪಿ (ಐಪಿ ಎಂದರೆ ನೆಟ್‌ವರ್ಕ್ ವಿಳಾಸ) ಎಂಬ ಸಾಲನ್ನು ಖಾಲಿ ಬಿಡಿ. ಅಲ್ಲಿ ಹಳೇ ವಿಳಾಸ ಉಳಿದರೆ ಸರ್ವರ್ ಶುರುವಾಗದೆ 'ಫೇಲ್ಡ್ ಟು ಬೈಂಡ್' ಎನ್ನುತ್ತದೆ.

ಇಷ್ಟೆಲ್ಲ ಮಾಡಿಯೂ ಟೈಮ್ಡ್ ಔಟ್ ಆದರೆ ನಾನು ಒಂದು ವಾರ ಕಳೆದುಕೊಂಡ ಜಾಗಕ್ಕೆ ನೀವೂ ಬಂದಿದ್ದೀರಿ. ರೂಟರ್ ಪುಟದಲ್ಲಿ ವ್ಯಾನ್ ಐಪಿ, ಅಂದರೆ ಇಂಟರ್‌ನೆಟ್ ಕಂಪನಿ ನಿಮ್ಮ ರೂಟರ್‌ಗೆ ಕೊಟ್ಟ ವಿಳಾಸ, ನೋಡಿ. ನಿಮ್ಮ ಐಪಿ ಎಷ್ಟು ಎಂದು ಹೇಳುವ ಯಾವುದಾದರೂ ವೆಬ್‌ಸೈಟನ್ನೂ ನೋಡಿ. ಎರಡೂ ಬೇರೆ ಇದ್ದರೆ, ಅದರಲ್ಲೂ ರೂಟರ್‌ನದು 100.64ರಿಂದ 100.127ರ ಒಳಗೆ ಶುರುವಾದರೆ, ಅದು ಬಹುಪಾಲು ಸಿಜಿ ನ್ಯಾಟ್. ಹಳೇ ಮಾದರಿಯ ಐಪಿ ವಿಳಾಸಗಳು ಒಟ್ಟು 429 ಕೋಟಿ ಮಾತ್ರ. ಸಾಲದಾದ್ದರಿಂದ ಇಂಟರ್‌ನೆಟ್ ಕಂಪನಿಗಳು ಒಂದೇ ಹೊರ ವಿಳಾಸವನ್ನು ಹಲವು ಮನೆಗಳಿಗೆ ಹಂಚುತ್ತವೆ. ಹೊರಗಿನಿಂದ ಬಂದದ್ದು ನಿಮ್ಮ ರೂಟರ್‌ವರೆಗೆ ಬರುವುದೇ ಇಲ್ಲ. ಫಾರ್ವರ್ಡ್ ಎಷ್ಟು ಸಲ ಮಾಡಿದರೂ ಸುಮ್ನೆ. ನನಗೆ ಕಸ್ಟಮರ್ ಕೇರ್‌ನವರು ರೂಟರ್ ಆಫ್ ಮಾಡಿ ಆನ್ ಮಾಡಿ ಎಂದು ನಾಲ್ಕು ಸಲ ಹೇಳಿದರು. ಈ ಮಾತನ್ನು ಒಬ್ಬರೂ ಹೇಳಲಿಲ್ಲ.

ದಾರಿ ಎರಡು. ದುಡ್ಡು ಕೊಟ್ಟು ಸ್ಟ್ಯಾಟಿಕ್ ಐಪಿ (ನಿಮ್ಮದೇ ಆದ, ಬದಲಾಗದ ಹೊರ ವಿಳಾಸ) ಕೇಳಬಹುದು. ಇಲ್ಲವೇ ನಿಮ್ಮ ಕಂಪ್ಯೂಟರ್‌ಗಳನ್ನಷ್ಟೇ ಜೋಡಿಸುವ, ಟೇಲ್‌ಸ್ಕೇಲ್‌ನಂಥ ಖಾಸಗಿ ನೆಟ್‌ವರ್ಕ್ ಹಾಕಬಹುದು. ಮನೆಮಂದಿಗಾದರೆ ನಾನು ಎರಡನೆಯದನ್ನೇ ಹೇಳುತ್ತೇನೆ. ಪೋರ್ಟ್ ತೆರೆಯುವ ಕೆಲಸವಿಲ್ಲ, ಗುರುತಿಲ್ಲದವರು ಬರುವ ಭಯವೂ ಕಡಿಮೆ. ಮಕ್ಕಳ ಮೂರೂ ಕಂಪ್ಯೂಟರ್‌ಗಳಲ್ಲಿ, ಜೊತೆಗೆ ಸರ್ವರ್‌ನಲ್ಲಿ ಹಾಕಿ, ಅದು ಸರ್ವರ್‌ಗೆ ಕೊಡುವ ವಿಳಾಸವನ್ನು ಮಕ್ಕಳಿಗೆ ಕೊಡಿ. ಆ ವಿಳಾಸವೂ 100ರಿಂದಲೇ ಶುರುವಾಗುತ್ತದೆ, ಗಾಬರಿಯಾಗಬೇಡಿ.

ಈಗ ಶನಿವಾರ ಸಂಜೆ ಸರ್ವರ್‌ನ ಕಪ್ಪು ಕಿಟಕಿಯನ್ನು ತೆರೆದಿಟ್ಟುಕೊಳ್ಳುತ್ತೇನೆ. ಮಗು ಒಳಗೆ ಬಂದರೆ ಹೆಸರಿನ ಮುಂದೆ 'ಜಾಯಿನ್ಡ್ ದ ಗೇಮ್' ಎಂಬ ಸಾಲು ಬರುತ್ತದೆ. ಅಂಥ ಮೂರು ಸಾಲು ಎಣಿಸಿದ ಮೇಲೆಯೇ ಊಟಕ್ಕೆ ಏಳುತ್ತೇನೆ.